ಲೈಫ್ ಸರ್ಟಿಫಿಕೇಟ್ ಕೊಡದ ನವೆಂಬರ್

ಹೋದ ವರ್ಷ ನವೆಂಬರ್‌ನಲ್ಲಿ ನಾನು ಲೈಫ್ ಸರ್ಟಿಫಿಕೇಟ್ ಕೊಡಲಿಲ್ಲ. ಪಿಂಚಣಿ ಮುಂದುವರಿಯಲು, ನಾನು ಬದುಕಿದ್ದೇನೆ ಅಂತ ವರ್ಷಕ್ಕೊಮ್ಮೆ ಕೊಡುವ ಪತ್ರ ಅದು. ಮರೆತಿದ್ದಲ್ಲ. ಬ್ಯಾಂಕು ಮನೆಯಿಂದ ಹತ್ತು ನಿಮಿಷದ ದಾರಿ. ಪಾಸ್‌ಬುಕ್ಕು, ಆಧಾರ್, ಪಿಂಚಣಿ ಆದೇಶದ (ಪಿಪಿಒ) ನಂಬರ್ ಬರೆದಿಟ್ಟ ಚೀಟಿ, ಎಲ್ಲ ಒಂದೇ ಕವರಿನಲ್ಲಿತ್ತು. ಮುಂದಿನ ವರ್ಷದ ಪಿಂಚಣಿ ತಗೊಳ್ಳೋಕೆ ನಾನೆಲ್ಲಿ ಇರುತ್ತೇನೆ ಅಂತ ಆ ಕವರನ್ನು ವಾಪಸ್ ಬೀರುವಿನಲ್ಲಿಟ್ಟೆ.

ನನಗೆ 69 ವರ್ಷ. 34 ವರ್ಷ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಟೀಚರ್ ಆಗಿದ್ದೆ. ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಒಬ್ಬಳೇ ಇದ್ದೇನೆ. ಮಗಳು ದಾವಣಗೆರೆ, ಮಗ ಬೆಂಗಳೂರು.

ಆಗ ನಾನು ಸಾಯಬೇಕು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ. ಆದರೂ ಬರೆಯುತ್ತೇನೆ. ನನ್ನ ವಯಸ್ಸಿನವರೊಬ್ಬರು ಬರೆದ ಎರಡು ಪುಟ ಆಗ ನನಗೆ ಸಿಕ್ಕಿದ್ದರೆ ಎಷ್ಟೋ ಅಲೆದಾಟ, ಎಷ್ಟೋ ದುಡ್ಡು, ಎಷ್ಟೋ ಕೆಟ್ಟ ರಾತ್ರಿಗಳು ತಪ್ಪುತ್ತಿದ್ದವು. ಓದುತ್ತಿರುವ ನಿಮಗೆ ಈಗಲೇ ಅಂಥ ಯೋಚನೆ ಇದ್ದರೆ, ಮೊದಲು 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಈ ಬರಹ ಆಮೇಲೆ ಓದಿದರೂ ಆಯ್ತು.

ನಮ್ಮ ಮನೆಯವರು ತೀರಿಕೊಂಡು ಎರಡು ವರ್ಷ ಆಗಿತ್ತು. ಹನ್ನೊಂದನೇ ದಿನದ ಕಾರ್ಯಕ್ಕೆ ಮನೆ ತುಂಬಾ ಜನ. ಶಾಮಿಯಾನ ಬಿಚ್ಚಿದ ಮೇಲೆ ಒಬ್ಬೊಬ್ಬರಾಗಿ ಹೊರಟರು. ಮೊದಲನೇ ವರ್ಷ ಕಣ್ಣೀರು ಹಾಕಿದೆ, ಊಟ ಮಾಡಿದೆ, ನಿದ್ದೆ ಮಾಡಿದೆ. ನನ್ನ ಮಟ್ಟಿಗೆ ಕಷ್ಟ ಶುರುವಾಗಿದ್ದು ಎರಡನೇ ವರ್ಷ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಮುಚ್ಚುತ್ತಿರಲಿಲ್ಲ. ಕಾಫಿ ರುಚಿ ಇಲ್ಲ. ಪೇಪರು ಬಿಚ್ಚದೆ ಹಾಗೇ ಪೇರಿಸಿಡುತ್ತಿದ್ದೆ. ಮಂಡಿ ನೋವು, ಎದೆ ಉರಿ, ಬೆನ್ನು ನೋವು, ದಿನಕ್ಕೊಂದು. ಹಾಲು ಒಲೆ ಮೇಲಿಟ್ಟು ಮರೆಯುತ್ತಿದ್ದೆ. ನನಗೂ ಅರಳುಮರಳು ಬಂತು ಅಂದುಕೊಂಡೆ. ಕಿವಿ ಬೇರೆ ಮಂದವಾಗಿತ್ತು. ಶನಿವಾರದ ಭಜನೆಗೆ ಹೋಗುವುದು ಬಿಟ್ಟೆ. ಪಕ್ಕದವರು ಏನೋ ಹೇಳಿ ನಕ್ಕರೆ ನಾನು ಸುಮ್ನೆ ತಲೆ ಆಡಿಸಬೇಕಾಗುತ್ತಿತ್ತು. ಅದರ ಬದಲು ಮನೆಯಲ್ಲೇ ಇದ್ದರಾಯ್ತು ಅನ್ನಿಸಿತು.

ಆಮೇಲೆ ಸಾಮಾನು ಕೊಡೋಕೆ ಶುರು ಮಾಡಿದೆ. ಬೆಳ್ಳಿಯ ಕುಂಕುಮದ ಭರಣಿ ಮಗಳಿಗೆ. ಹಿತ್ತಾಳೆ ಹಂಡೆ ಮೈದುನನ ಸೊಸೆಗೆ. ಉಡದೇ ಇಟ್ಟಿದ್ದ ಎರಡು ಸೀರೆ ಕೆಲಸದವಳಿಗೆ. ಒಂದು ಲಾಂಗ್ ನೋಟ್‌ಬುಕ್ಕಿನಲ್ಲಿ ಎಲ್‌ಐಸಿ ಪಾಲಿಸಿ ನಂಬರು, ಎಫ್‌ಡಿ, ತೋಟದ ಪಹಣಿ ಎಲ್ಲಿದೆ ಅಂತ ದುಂಡಗೆ ಬರೆದಿಟ್ಟೆ. "ಅಮ್ಮ ಎಷ್ಟು ಅಚ್ಚುಕಟ್ಟು" ಅಂತ ಮಗ ಹೊಗಳಿದ. ಇದು ವೈರಾಗ್ಯ, ವಯಸ್ಸಾದ ಮೇಲೆ ಬರಬೇಕಾದದ್ದೇ ಅಂತ ಎಲ್ಲರೂ ಅಂದುಕೊಂಡರು.

ನಮ್ಮ ಕಡೆ ವಯಸ್ಸಾದವರು "ಸಾಕಾಗಿದೆಯಪ್ಪ, ಭಗವಂತ ಬೇಗ ಕರಕೊಂಡರೆ ಸಾಕು" ಅನ್ನುವುದು ದಿನಾ ಇರುವ ಮಾತು. ನನ್ನ ಅತ್ತೆ ಇಪ್ಪತ್ತು ವರ್ಷ ಅದನ್ನೇ ಹೇಳಿಕೊಂಡು, ಹೋಳಿಗೆ ಕೇಳಿ ಹಾಕಿಸಿಕೊಂಡು ಬದುಕಿದರು. ಅದಕ್ಕೇ ನಾನು ಹೇಳಿದಾಗ ಯಾರ ಕಿವಿಗೂ ಅದು ಬೇರೆ ಥರ ಕೇಳಿಸಲಿಲ್ಲ. ವ್ಯತ್ಯಾಸ ಇತ್ತು. ಅತ್ತೆ ಹಾಗೆ ಹೇಳುವಾಗ ಮುಂದಿನ ಯುಗಾದಿಗೆ ಏನು ಸೀರೆ ಅಂತಲೂ ಕೇಳುತ್ತಿದ್ದರು. ನನಗೆ ಮುಂದಿನ ಯುಗಾದಿಯೇ ಇರಲಿಲ್ಲ. ಒಂದು ದಿನಾಂಕವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಮನೆಯ ಹಿರಿಯರ ಬಾಯಲ್ಲಿ "ನನ್ನಿಂದ ನಿಮಗೆಲ್ಲ ಭಾರ" ಅನ್ನುವ ಮಾತು ಬಂದು, ಜೊತೆಗೆ ಸಾಮಾನು ಹಂಚುವುದು, ಲೆಕ್ಕ ಮುಗಿಸುವುದು, ಊಟ ಬಿಡುವುದು ಕಂಡರೆ ದಯವಿಟ್ಟು ಅದನ್ನು ವೈರಾಗ್ಯ ಅಂತ ಬಿಡಬೇಡಿ.

ನನ್ನನ್ನು ಹಿಡಿದವಳು ಆಶಾ ಕಾರ್ಯಕರ್ತೆ. ನನ್ನ ಹತ್ತಿರ ನಾಲ್ಕನೇ ಕ್ಲಾಸ್ ಓದಿದ ಹುಡುಗಿ. ಈಗ ಅವಳಿಗೇ ಇಬ್ಬರು ಮಕ್ಕಳು. ಡಿಸೆಂಬರ್ ಎರಡನೇ ವಾರ ಬಿಪಿ, ಶುಗರ್ ಫಾರಂ ತುಂಬಿಸೋಕೆ ಮನೆಗೆ ಬಂದಳು. ಸೊಂಟದ ಸುತ್ತಳತೆ, ತಂಬಾಕು, ಕೆಮ್ಮು, ಎಲ್ಲ ಕೇಳಿದಳು. ಕೊನೆಯಲ್ಲಿ ಎರಡು ಪ್ರಶ್ನೆ. ಕಳೆದ ಎರಡು ವಾರದಲ್ಲಿ ಯಾವ ಕೆಲಸದಲ್ಲೂ ಆಸಕ್ತಿ, ಸಂತೋಷ ಇಲ್ಲ ಅಂತ ಎಷ್ಟು ದಿನ ಅನ್ನಿಸಿದೆ? ಮನಸ್ಸು ಕುಗ್ಗಿದೆ, ದಾರಿ ಕಾಣುತ್ತಿಲ್ಲ ಅಂತ ಎಷ್ಟು ದಿನ ಅನ್ನಿಸಿದೆ? ಒಂದು ದಿನವೂ ಇಲ್ಲ ಅಂದರೆ 0, ಹೆಚ್ಚೂಕಡಿಮೆ ದಿನಾಲೂ ಅಂದರೆ 3. ನಾನು ಎರಡಕ್ಕೂ "ದಿನಾಲೂ" ಅಂದೆ. ಯಾಕೆ ಸುಳ್ಳು ಹೇಳಲಿಲ್ಲವೋ ಗೊತ್ತಿಲ್ಲ. ಎರಡು ವರ್ಷದಲ್ಲಿ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ, ಅದಕ್ಕೇ ಇರಬೇಕು.

ಒಟ್ಟು 3 ದಾಟಿದರೆ ಡಾಕ್ಟರ ಹತ್ತಿರ ಕಳಿಸಬೇಕು ಅಂತ ಫಾರಂನಲ್ಲೇ ಇದೆಯಂತೆ. ನನ್ನದು 6. ಅವಳು ಪೆನ್ನು ಕೆಳಗಿಟ್ಟು ಫಾರಂನಲ್ಲಿ ಇಲ್ಲದ ಇನ್ನೊಂದು ಪ್ರಶ್ನೆ ಕೇಳಿದಳು. "ಮಿಸ್, ಸಾಯಬೇಕು ಅಂತ ಅನ್ನಿಸ್ತಿದೆಯಾ ನಿಮಗೆ?"

ನಾನು ಅತ್ತಿದ್ದು ಎಷ್ಟು ಹೊತ್ತೋ. ಅವಳು ಕೈ ಹಿಡಿದುಕೊಂಡೇ ಕೂತಿದ್ದಳು. ಹಾಗೆಲ್ಲ ಅನ್ನಬಾರದು, ದೇವರಿದ್ದಾನೆ ಅಂತ ಬುದ್ಧಿ ಹೇಳಲಿಲ್ಲ. ಹೀಗೆ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅಂತ ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ ಅಂತ ಆಮೇಲೆ ಡಾಕ್ಟರೂ ಹೇಳಿದರು. ನನಗಂತೂ ಅವಳು ಕೇಳಿದ ಆ ಗಳಿಗೆಯಲ್ಲಿ ಎದೆ ಮೇಲಿಟ್ಟಿದ್ದ ಬೀಸುವ ಕಲ್ಲನ್ನು ಯಾರೋ ಒಂದು ಬೆರಳಷ್ಟು ಎತ್ತಿದಂತಾಯ್ತು.

ಅವಳ ಫೋನಿನಿಂದಲೇ 14416ಕ್ಕೆ ಹಚ್ಚಿದಳು. ಅದಕ್ಕೆ ಟೆಲಿ ಮಾನಸ್ ಅನ್ನುತ್ತಾರೆ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ, ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ಮೊದಲು ರೆಕಾರ್ಡ್ ಮಾಡಿದ ದನಿ ಭಾಷೆ ಆರಿಸಲು ಹೇಳುತ್ತದೆ. ಗಾಬರಿಯಾಗಿ ಅಲ್ಲೇ ಫೋನ್ ಇಡಬೇಡಿ. ಕನ್ನಡ ಒತ್ತಿ ಕಾಯಿರಿ. ನಮಗೆ ನಾಲ್ಕೈದು ನಿಮಿಷ ಆಯ್ತು. ಒಬ್ಬ ಹುಡುಗಿ ಮಾತಾಡಿದಳು. ಹೆಸರು, ವಯಸ್ಸು, ಜಿಲ್ಲೆ ಕೇಳಿದ ಮೇಲೆ ಅವಳದೂ ನೇರ ಮಾತು. ಯಾವಾಗಿನಿಂದ ಹೀಗಿದೆ? ಏನಾದರೂ ನಿರ್ಧಾರ ಮಾಡಿದ್ದೀರಾ? ಈಗ ಮನೆಯಲ್ಲಿ ಜೊತೆಗೆ ಯಾರಿದ್ದಾರೆ? ನನಗೆ ಸರಿಯಾಗಿ ಕೇಳಿಸದೆ ಸ್ಪೀಕರ್ ಹಾಕಿದೆವು. ಅವಳು ಬೇಸರವಿಲ್ಲದೆ ಎರಡೆರಡು ಸಲ ಹೇಳಿದಳು.

ಆ ದಿನವೇ ಮಾಡಬೇಕಾದ ಮೂರು ಕೆಲಸ ಹೇಳಿದಳು. ಇವತ್ತು ರಾತ್ರಿ ಒಬ್ಬರೇ ಮಲಗಬಾರದು. ಮನೆಯಲ್ಲಿರುವ ಮಾತ್ರೆಗಳನ್ನೂ ತೋಟದ ಔಷಧಿಗಳನ್ನೂ ಬೇರೆಯವರ ವಶಕ್ಕೆ ಕೊಡಬೇಕು. ಮಕ್ಕಳಲ್ಲಿ ಒಬ್ಬರಿಗಾದರೂ ಇವತ್ತೇ ಹೇಳಬೇಕು. ಆಶಾ ಹುಡುಗಿಯ ಗಂಡ ಸಾಯಂಕಾಲ ಬಂದು ಹಿತ್ತಲ ಶೆಡ್ಡಿನಲ್ಲಿದ್ದದ್ದೆಲ್ಲ ತೆಗೆದುಕೊಂಡು ಹೋದ. ನನ್ನ ಬಿಪಿ ಮಾತ್ರೆ ವಾರಕ್ಕೆ ಏಳೇ ಏಳು, ಎದುರು ಮನೆಯವರು ಕೊಡುವುದು ಅಂತ ಆಯ್ತು. ಆವತ್ತು ನನಗೆ ಅವಮಾನ ಅನ್ನಿಸಿತು. ಆದರೆ ಅಂಥ ಯೋಚನೆ ತಲೆಗೆ ಏರುವುದು ಅಲೆಯ ಹಾಗೆ. ಏರುತ್ತದೆ, ಇಳಿಯುತ್ತದೆ. ಏರಿದ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ನನ್ನ ಜೀವ ಉಳಿದದ್ದೂ ಹಾಗೇ. ಹಳ್ಳಿಯಲ್ಲಿ, ತೋಟದ ಮನೆಯಲ್ಲಿ ಇರುವವರು ಈ ಒಂದು ಕೆಲಸವನ್ನು ನಾಳೆಗೆ ಇಡಬೇಡಿ.

ಮಗಳಿಗೆ ಫೋನ್ ಮಾಡಿದ್ದು ಎಲ್ಲಕ್ಕಿಂತ ಕಷ್ಟ. ಮೊದಲು ಸುಮ್ಮನಾದಳು, ಆಮೇಲೆ ಅತ್ತಳು. ಆಮೇಲೆ ಸಿಟ್ಟು. "ಏನು ಕಡಿಮೆ ಮಾಡಿದ್ವಮ್ಮ ನಿಂಗೆ?" ಅಂದಳು. ಅವಳು ಹೆದರಿ ಆಡಿದ ಮಾತು ಅದು. ಆದರೆ ಮಕ್ಕಳಿಗೆ ಹೇಳುತ್ತೇನೆ, ಆ ಹೊತ್ತಿನಲ್ಲಿ ಆಡಲೇಬಾರದ ಮಾತು ಇದ್ದರೆ ಇದೇ. ಅದನ್ನು ಕೇಳಿದ ತಕ್ಷಣ, ನೋಡು ನಾನು ಮಕ್ಕಳಿಗೆ ಕೆಟ್ಟ ಹೆಸರು ತಂದೆ, ನಾನು ಇಲ್ಲದಿದ್ದರೇ ಇವರಿಗೆ ಒಳ್ಳೆಯದು ಅಂತ ಮತ್ತೆ ಅದೇ ಲೆಕ್ಕ ಶುರುವಾಯ್ತು. ಮಾರನೇ ದಿನ ಮಧ್ಯಾಹ್ನ ಅವಳು ಬಸ್ಸಿಳಿದು ಬಂದಳು. ಬಾಗಿಲಲ್ಲೇ ನಿಂತು "ನಾನು ಹಾಗನ್ನಬಾರದಿತ್ತು" ಅಂದಳು. ಆ ರಾತ್ರಿ ನನ್ನ ಹಾಸಿಗೆ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದಳು. ಮೂರಕ್ಕೆ ಎಚ್ಚರವಾದಾಗ ಅವಳ ಉಸಿರು ನನಗೆ ಕೇಳಿಸಲಿಲ್ಲ. ಕೈ ಚಾಚಿ ಮುಟ್ಟಿ ನೋಡಿದೆ.

ಇಲ್ಲಿಂದ ಒಂದು ತಿಂಗಳು ವ್ಯರ್ಥವಾಯ್ತು. ಮಗನಿಗೆ ಒಳ್ಳೆಯ ಕಡೆ ತೋರಿಸಬೇಕು ಅಂತ ಆಸೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಡೀ ದೇಹದ ಚೆಕಪ್ ಮಾಡಿಸಿದ. ತಲೆ ಸ್ಕ್ಯಾನ್, ಹೊಟ್ಟೆ ಸ್ಕ್ಯಾನ್, ಹಾರ್ಟಿನ ಎಕೋ. ಹೆಸರು ಕೂಗಿದ್ದು ನನಗೆ ಕೇಳಿಸದೆ ಎರಡು ಸಲ ಸರದಿ ತಪ್ಪಿತು. ಒಟ್ಟು 21,800 ರೂಪಾಯಿ. ಕೊನೆಗೆ ರಿಪೋರ್ಟ್ ನೋಡಿದ ಡಾಕ್ಟರು "ಎಲ್ಲ ನಾರ್ಮಲ್ ಇದೆ, ವಯಸ್ಸಿನ ಸಹಜ, ದೇವಸ್ಥಾನಕ್ಕೆ ಹೋಗಿ ಬನ್ನಿ, ಮೊಮ್ಮಕ್ಕಳ ಜೊತೆ ಇರಿ" ಅಂದರು. ನಿದ್ದೆಗೆ ಒಂದು ತಿಂಗಳ ಮಾತ್ರೆ ಬರೆದರು. ಸಾಯುವ ಯೋಚನೆ ಇದೆ ಅಂತ ಮಗ ಮೆಲ್ಲಗೆ ಹೇಳಿದ. ಅವರು ಅದನ್ನು ಬರೆದುಕೊಳ್ಳಲೂ ಇಲ್ಲ. ಅಂಥ ಸ್ಥಿತಿಯಲ್ಲಿರುವ ಒಂಟಿ ಹೆಂಗಸಿಗೆ ಒಂದು ತಿಂಗಳ ನಿದ್ದೆ ಮಾತ್ರೆ ಒಟ್ಟಿಗೆ ಕೊಡುವುದು ಎಷ್ಟು ತಪ್ಪು ಅಂತ ಈಗ ನನಗೆ ಗೊತ್ತು. ಮಗಳು ಆ ಪೊಟ್ಟಣವನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಡಿಸೆಂಬರ್ ಪಿಂಚಣಿ ಬರಲಿಲ್ಲ. ಮಗ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ವಿಷಯ ಹೊರಬಿತ್ತು. "ಯಾಕಮ್ಮ ಕೊಡಲಿಲ್ಲ?" ಅಂತ ಕೇಳಿದ. ನಾನು ಹೇಳಿದೆ. ಅವನು ಕಾರಿನ ಸ್ಟೇರಿಂಗ್ ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಅಮ್ಮನಿಗೆ ಬೇಜಾರು ಅಷ್ಟೇ ಅಂದುಕೊಂಡಿದ್ದವನಿಗೆ ಆವತ್ತು ಅರ್ಥವಾಯ್ತು.

ಟೆಲಿ ಮಾನಸ್‌ನವರು ಅವರಾಗೇ ವಾಪಸ್ ಫೋನ್ ಮಾಡಿ ವಿಚಾರಿಸುತ್ತಿದ್ದರು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮಾನಸಿಕ ವೈದ್ಯರು ಬರುತ್ತಾರೆ, ಅಲ್ಲಿಗೆ ಹೋಗಿ ಅಂದವರು ಅವರೇ. ಮನೋಚೈತನ್ಯ ಅಂತ ಕಾರ್ಯಕ್ರಮ ಅದು. ಹೋಗಿ ನೋಡಿದರೆ ನಮ್ಮ ಮನೆಯಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಇಷ್ಟು ಹತ್ತಿರ ಇದ್ದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಜನವರಿಯ ಆ ಮಂಗಳವಾರ ಎಂಟೂವರೆಗೆ ಹೋದೆವು. ಚೀಟಿಗೆ 10 ರೂಪಾಯಿ, ಆಧಾರ್ ಕೇಳಿದರು. ಜೊತೆಗೆ ಒಯ್ಯಬೇಕಾದದ್ದು ಹೇಳುತ್ತೇನೆ: ಈಗ ತಗೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಆಯುರ್ವೇದ, ನಾಟಿ ಔಷಧಿ ಇದ್ದರೆ ಅದೂ. ಹಳೇ ರಕ್ತ ಪರೀಕ್ಷೆ ರಿಪೋರ್ಟು. ನೀರಿನ ಬಾಟಲಿ, ಬಿಸ್ಕತ್ತು. ಜೊತೆಗೆ ಒಬ್ಬರು. ಮೂರು ಗಂಟೆ ಕಾದೆವು. ಬೆಂಚಿನ ಮೇಲೆ ನನ್ನ ಹಳೇ ವಿದ್ಯಾರ್ಥಿಯ ತಾಯಿ ಸಿಕ್ಕರು. "ಟೀಚರ್, ನೀವಿಲ್ಲಿ?" ಅಂದರು. ನಾನು ಸೆರಗು ಸರಿಮಾಡಿಕೊಂಡು ನೆಲ ನೋಡಿದೆ. ಅವರು ಪಕ್ಕಕ್ಕೆ ಸರಿದು ಜಾಗ ಮಾಡಿ "ನಮ್ಮೆಜಮಾನ್ರಿಗೆ ತೋರಿಸ್ತಾ ಆರು ತಿಂಗಳಾಯ್ತು, ಈಗ ಪರವಾಗಿಲ್ಲ" ಅಂದರು. ಆ ಬೆಂಚಿನಲ್ಲಿ ಕೂತಿದ್ದವರಲ್ಲಿ ಅರ್ಧಕ್ಕರ್ಧ ನನ್ನ ವಯಸ್ಸಿನವರು. ನಾನೊಬ್ಬಳೇ ಹೀಗೆ ಅನ್ನುವುದು ಆವತ್ತು ಹೋಯ್ತು.

ಡಾಕ್ಟರು ಚಿಕ್ಕ ವಯಸ್ಸಿನವರು. ಮೊದಲು ನನ್ನ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳಲು ಹೇಳಿ, ಮುಖ ಕಾಣುವ ಹಾಗೆ ಕೂತು, ನಿಧಾನವಾಗಿ ಮಾತಾಡಿದರು. ಸ್ವಲ್ಪ ಹೊತ್ತು ಮಗಳನ್ನು ಹೊರಗೆ ಕಳಿಸಿದರು. ಇದು ಮುಖ್ಯ. ಮಕ್ಕಳ ಎದುರಿಗೆ ಹೇಳಲಾಗದ್ದು ಇರುತ್ತದೆ. ವಯಸ್ಸಾದವರಿಗೆಂದೇ ಇರುವ ಹದಿನೈದು ಪ್ರಶ್ನೆಗಳಿಗೆ ಹೌದು, ಇಲ್ಲ ಅಂತ ಉತ್ತರ ಹೇಳಿಸಿದರು. ಮರೆವಿನ ಪರೀಕ್ಷೆಯನ್ನೂ ಮಾಡಿದರು. ಆಮೇಲೆ ಹೇಳಿದರು: "ಅಮ್ಮ, ಇದು ಅರಳುಮರಳಲ್ಲ, ವೈರಾಗ್ಯವೂ ಅಲ್ಲ. ಖಿನ್ನತೆ ಅಂತ ಕಾಯಿಲೆ. ಬಿಪಿ ಹಾಗೆ ಇದಕ್ಕೂ ಔಷಧಿ ಇದೆ." ವಯಸ್ಸಾದವರಲ್ಲಿ ಇದು ಅಳುವಾಗಿ ಬರುವುದಕ್ಕಿಂತ ಮೈಕೈ ನೋವಾಗಿ, ನಿದ್ದೆ ಕೆಡುವುದಾಗಿ, ಮರೆವಾಗಿ ಬರುವುದೇ ಜಾಸ್ತಿಯಂತೆ. ನಾಲ್ಕು ತಿಂಗಳು ನಾನು ಮಂಡಿಗೆ ಎಣ್ಣೆ ತಿಕ್ಕಿಕೊಂಡಿದ್ದೆ.

ನನ್ನ ದೊಡ್ಡ ಹೆದರಿಕೆ ಬೇರೆ ಇತ್ತು. ಇದನ್ನೆಲ್ಲ ಬಾಯಿಬಿಟ್ಟರೆ ಪೊಲೀಸ್ ಕೇಸ್ ಆಗುತ್ತಾ, ಪಿಂಚಣಿಗೆ ತೊಂದರೆಯಾ ಅಂತ ಕೇಳಿದೆ. ಯೋಚನೆ ಬಂತು ಅಂತ ಹೇಳಿಕೊಂಡರೆ ಅದು ಅಪರಾಧವೇ ಅಲ್ಲ, ಪಿಂಚಣಿಗೂ ಇದಕ್ಕೂ ಸಂಬಂಧ ಇಲ್ಲ, ಇಲ್ಲಿ ಹೇಳಿದ್ದು ಗುಟ್ಟಾಗಿಯೇ ಇರುತ್ತದೆ ಅಂದರು. ಪ್ರಯತ್ನ ಮಾಡಿ ಬದುಕಿ ಉಳಿದವರನ್ನು ಕೂಡ ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಶಿಕ್ಷೆ ಕೊಡುವಂತಿಲ್ಲ, ಸರ್ಕಾರ ಅವರ ಆರೈಕೆ ನೋಡಬೇಕು ಅಂತ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಹೇಳುತ್ತದೆ. ಕೇಸಿಗೆ ಹೆದರಿ ಆಸ್ಪತ್ರೆಗೆ ಕರೆದೊಯ್ಯದ ಮನೆಗಳು ಇನ್ನೂ ಇವೆ. ಅದೇ ಕಾಯ್ದೆ ಪ್ರಕಾರ ಆರೋಗ್ಯ ವಿಮೆಯಲ್ಲಿ ಮನಸ್ಸಿನ ಕಾಯಿಲೆಯನ್ನೂ ದೇಹದ ಕಾಯಿಲೆಯ ಹಾಗೇ ಸೇರಿಸಬೇಕು. ಪಾಲಿಸಿ ಇರುವವರು ಕೇಳಿ ತಿಳಿದುಕೊಳ್ಳಿ.

ರಕ್ತ ಪರೀಕ್ಷೆಗೆ ಬರೆದರು. ಹಿಮೋಗ್ಲೋಬಿನ್, ಥೈರಾಯ್ಡ್, ಸೋಡಿಯಂ ಆಸ್ಪತ್ರೆಯಲ್ಲೇ ಆಯ್ತು. ಬಿ12 ವಿಟಮಿನ್ ಪರೀಕ್ಷೆ ಹೊರಗೆ, 950 ರೂಪಾಯಿ. ಬೆಂಗಳೂರಿನ 21,800ರ ಪಟ್ಟಿಯಲ್ಲಿ ಈ ಬಿ12 ಇರಲೇ ಇಲ್ಲ. ನನ್ನದು ತುಂಬಾ ಕಡಿಮೆ ಬಂತು. ಅದಕ್ಕೆ ಇಂಜೆಕ್ಷನ್. ಖಿನ್ನತೆಗೆ ದಿನಕ್ಕೊಂದು ಸಣ್ಣ ಡೋಸಿನ ಮಾತ್ರೆ, ಅದೂ ಹದಿನೈದು ದಿನಕ್ಕಷ್ಟೇ, ಮಗಳ ಕೈಗೆ. ಮಾತ್ರೆ ಹೆಸರು ಬರೆಯುವುದಿಲ್ಲ. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗಲ್ಲ. ಆಸ್ಪತ್ರೆಯಲ್ಲಿ ಉಚಿತ. ಒಮ್ಮೆ ಸ್ಟಾಕ್ ಇಲ್ಲದಾಗ ಜನೌಷಧಿ ಅಂಗಡಿಯಲ್ಲಿ ತಗೊಂಡೆವು, ಅದೂ ಅಗ್ಗವೇ.

ಈಗ ಹೇಳುವುದನ್ನು ಹೊಸದಾಗಿ ಮಾತ್ರೆ ಶುರು ಮಾಡಿದವರು ಓದಲೇಬೇಕು. ಮೊದಲ ಹತ್ತು ದಿನ ನನಗೆ ಇನ್ನೂ ಜಾಸ್ತಿ ಕಷ್ಟವಾಯ್ತು. ಹೊಟ್ಟೆ ತೊಳಸುವುದು, ತಳಮಳ, ಒಂದು ಕಡೆ ಕೂರಲಾಗದು. ಮಾತ್ರೆ ಬೇಡ ಅಂತ ಹಟ ಮಾಡಿದೆ. ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ನಮ್ಮ ವಯಸ್ಸಿನವರಿಗೆ ಇನ್ನೂ ಸ್ವಲ್ಪ ಹೆಚ್ಚೇ ಹಿಡಿಯುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರಿಂದ ಮಗಳು ಬಿಡಲಿಲ್ಲ. ಇಂಥ ಕೆಲವು ಮಾತ್ರೆಗಳಿಂದ ವಯಸ್ಸಾದವರಿಗೆ ರಕ್ತದ ಸೋಡಿಯಂ ಇಳಿಯಬಹುದಂತೆ. ತಲೆಸುತ್ತು, ಗೊಂದಲ, ವಿಪರೀತ ಸುಸ್ತು ಬಂದರೆ ತಡಮಾಡದೆ ತೋರಿಸಬೇಕು. ಎರಡು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಿದರು, ಸರಿಯಿತ್ತು.

ಮೂರನೇ ವಾರದ ಒಂದು ರಾತ್ರಿ ಮರೆಯಲಾರೆ. ಮಗಳು ದಾವಣಗೆರೆಗೆ ಹೋಗಿದ್ದಳು. ಎದುರು ಮನೆಯ ಅಜ್ಜಿ ನಡುಮನೆಯಲ್ಲಿ ಮಲಗಿದ್ದರು. ಎರಡು ಗಂಟೆಗೆ ಎದ್ದು ಕೂತೆ. ಅದೇ ಲೆಕ್ಕ, ಅದೇ ದಿನಾಂಕ ಮತ್ತೆ ತಲೆಗೆ ಬಂತು. ಆಸ್ಪತ್ರೆಯ ಆಪ್ತ ಸಮಾಲೋಚಕಿ ನನ್ನ ಕೈಯಲ್ಲೇ ಬರೆಸಿದ ಒಂದು ಹಾಳೆ ಬೀರುವಿನ ಬಾಗಿಲಿಗೆ ಅಂಟಿಸಿತ್ತು. ಅದಕ್ಕೆ ಸೇಫ್ಟಿ ಪ್ಲಾನ್ ಅನ್ನುತ್ತಾರೆ. ಕೆಟ್ಟ ಹೊತ್ತು ಬರುವ ಮುಂಚೆ ನನಗೆ ಏನಾಗುತ್ತದೆ, ಆಗ ಒಬ್ಬಳೇ ಏನು ಮಾಡಬಹುದು, ಯಾರ ಜೊತೆ ಹೋಗಿ ಕೂರಬಹುದು, ಯಾರಿಗೆ ಫೋನ್ ಮಾಡಬೇಕು, ಕೊನೆಗೆ ಡಾಕ್ಟರು, 14416, ತುರ್ತು ಅಂದರೆ 112. ಎಲ್ಲ ನಮ್ಮದೇ ಮಾತಿನಲ್ಲಿ, ನಮ್ಮದೇ ಅಕ್ಷರದಲ್ಲಿ. ನನ್ನ ಹಾಳೆಯಲ್ಲಿ ಹೀಗಿತ್ತು: ದೀಪ ಹಾಕು. ಮುಖ ತೊಳಿ. ಡಿಕಾಕ್ಷನ್ ಇಳಿಸು. ಅಜ್ಜಿಯನ್ನು ಎಬ್ಬಿಸು, ಬೈದರೂ ಪರವಾಗಿಲ್ಲ.

ದೀಪ ಹಾಕಿದೆ. ಮುಖ ತೊಳೆದೆ. ಡಿಕಾಕ್ಷನ್ ಇಳಿಯುವಾಗ ಕೈ ನಡುಗುತ್ತಿತ್ತು. ಅಜ್ಜಿಯನ್ನು ಎಬ್ಬಿಸಿದೆ. ಅವರಿಗೆ 81. ಬೈಯಲಿಲ್ಲ. ನನ್ನ ಎದುರಿಗೆ ಮಣೆ ಹಾಕಿಕೊಂಡು ಕೂತರು. 14416ಕ್ಕೆ ಆವತ್ತು ನಾನೇ ಫೋನ್ ಮಾಡಿದೆ. ನಲವತ್ತು ನಿಮಿಷ ಮಾತಾಡಿದರು. ಫೋನ್ ಇಟ್ಟಾಗ ಅಜ್ಜಿ "ನಂಗೂ ನಮ್ಮ ಯಜಮಾನ್ರು ಹೋದಾಗ ಹಿಂಗೇ ಆಗಿತ್ತು ಕಣವ್ವ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ" ಅಂದರು. ಮೂವತ್ತು ವರ್ಷ ಎದುರುಬದುರು ಇದ್ದೂ ನನಗೆ ಅದು ಗೊತ್ತಿರಲಿಲ್ಲ.

ಫೆಬ್ರವರಿ ಕೊನೆಗೆ ಒಂದು ದಿನ ಮಗಳು ಸಾರಿಗೆ ಇಂಗಿನ ಒಗ್ಗರಣೆ ಹಾಕಿದಾಗ ಘಮ ಅಂತು. ಘಮ ಅಂತ ನನಗೆ ಅನ್ನಿಸಿ ಎಷ್ಟು ದಿನವಾಗಿತ್ತೋ. ಇನ್ನೊಂದು ಸೌಟು ಹಾಕಿಸಿಕೊಂಡೆ. ಅವಳು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಚೇತರಿಕೆ ಹೀಗೇ ಬಂತು. ಒಂದು ದಿನ ರುಚಿ, ಇನ್ನೊಂದು ದಿನ ನಾಲ್ಕೂವರೆವರೆಗೆ ನಿದ್ದೆ. ನಡುವೆ ಎರಡು ದಿನ ಮತ್ತೆ ಕತ್ತಲೆ. ಕತ್ತಲೆಯ ದಿನ ಬಂದಾಗ ಔಷಧಿ ಕೆಲಸ ಮಾಡಲಿಲ್ಲ ಅಂದುಕೊಳ್ಳಬೇಡಿ.

ಮಾರ್ಚ್‌ನಲ್ಲಿ ಲೈಫ್ ಸರ್ಟಿಫಿಕೇಟ್ ಕೆಲಸ. ತಡವಾದರೆ ಪಿಂಚಣಿ ಹೋಯ್ತು ಅಂತಲ್ಲ, ಕೊಟ್ಟ ಮೇಲೆ ಬಾಕಿ ಸೇರಿಸಿ ಬರುತ್ತದೆ. ಜೀವನ್ ಪ್ರಮಾಣ್ ಅನ್ನುವ ಡಿಜಿಟಲ್ ಲೈಫ್ ಸರ್ಟಿಫಿಕೇಟ್‌ಗೆ ನನ್ನ ಬೆರಳು ನಾಲ್ಕು ಸಲ ಇಟ್ಟರೂ ಮೆಷಿನ್ ಹಿಡಿಯಲಿಲ್ಲ. ಬೆರಳಿನ ಗೆರೆ ಸವೆದವರು ಫೋನಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಓಡಾಡಲು ಆಗದವರಿಗೆ 70 ರೂಪಾಯಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾರೆ. ನನ್ನದು ಮುಖ ತೋರಿಸಿ ಆಯ್ತು. ಕಣ್ಣು ಮಿಟುಕಿಸಿ ಅಂತ ಫೋನ್ ಹೇಳುತ್ತದೆ, ಮಿಟುಕಿಸಬೇಕು ಅಷ್ಟೇ.

ಕಿವಿಯ ವಿಷಯವನ್ನು ನಾವು ಮೊದಲೇ ನೋಡಬೇಕಿತ್ತು. "ಅಜ್ಜಿಗೆ ಮಾತಾಡೋಕೆ ಇಷ್ಟ ಇಲ್ಲ" ಅಂತ ಮೊಮ್ಮಕ್ಕಳು ಫೋನ್ ಮಾಡುವುದನ್ನೇ ಬಿಟ್ಟಿದ್ದರು. ನನಗೆ ಕೇಳಿಸುತ್ತಲೇ ಇರಲಿಲ್ಲ. ಡಾಕ್ಟರ ಸಲಹೆಯಂತೆ ಏಪ್ರಿಲ್‌ನಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆವು. ಇಡೀ ದಿನ ಹಿಡಿಯುತ್ತದೆ, ಬೆಳಗ್ಗೆ ಬೇಗ ಹೋಗಿ. ಹೆಸರು ಬರೆಸುವುದು, ಕಿವಿ ಡಾಕ್ಟರು, ಸೌಂಡ್ ರೂಮಿನಲ್ಲಿ ಪರೀಕ್ಷೆ, ಆಮೇಲೆ ಮಷೀನು ಹಾಕಿ ನೋಡುವುದು. ನನ್ನದು ಒಂದು ಕಿವಿಗೆ 16,000 ರೂಪಾಯಿ ಆಯ್ತು. ಬಡತನ ರೇಖೆಗಿಂತ ಕೆಳಗಿರುವ, ಕಡಿಮೆ ಆದಾಯದ ಹಿರಿಯರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಉಚಿತವಾಗಿ ಸಿಗುತ್ತದೆ, ವಿಚಾರಿಸಿ. ಮೊದಲ ವಾರ ಪಾತ್ರೆ ಸದ್ದಿಗೇ ತಲೆ ಚಿಟ್ಟು ಹಿಡಿಯಿತು. ಡ್ರಾಯರಿನಲ್ಲಿ ಇಟ್ಟುಬಿಡಬೇಡಿ, ದಿನಾ ಸ್ವಲ್ಪ ಸ್ವಲ್ಪ ಹೊತ್ತು ಹಾಕಿ ಅಭ್ಯಾಸವಾಗಬೇಕು.

ಹಿರಿಯರಿಗೆ ಎಲ್ಡರ್‌ಲೈನ್ ಅಂತ 14567 ಇದೆ. ಬೆಳಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ. ಮಕ್ಕಳು ಹೊರಗೆ ಹಾಕಿದ್ದಾರೆ, ಆಸ್ತಿ ಬರೆಸಿಕೊಂಡು ನೋಡುತ್ತಿಲ್ಲ, ಪಿಂಚಣಿ ಸಿಗುತ್ತಿಲ್ಲ ಅನ್ನುವವರು ಅಲ್ಲಿ ಕೇಳಬಹುದು. ನನಗೆ ಆ ಕಷ್ಟ ಇರಲಿಲ್ಲ. ಆದರೆ ಆಸ್ಪತ್ರೆ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಇಬ್ಬರಿಗೆ ಇತ್ತು. ಅಂಥವರಿಗೆ ಬರೀ ಮಾತ್ರೆ ಸಾಲದು. 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. ಒಬ್ಬರಿಗೆ ನಾನೇ ಅರ್ಜಿ ಬರೆದುಕೊಟ್ಟೆ.

ಆಶಾ ಹುಡುಗಿ ಆ ಫಾರಂ ಹಿಡಿದು ಬಂದು ಈ ನವೆಂಬರ್‌ಗೆ ಹನ್ನೊಂದು ತಿಂಗಳಾಯ್ತು. ಮೊನ್ನೆ ಮಂಗಳವಾರ ಡಾಕ್ಟರು ಮತ್ತೆ ಅದೇ ಹದಿನೈದು ಪ್ರಶ್ನೆ ಕೇಳಿದರು. ಇನ್ನು ತಿಂಗಳಿಗೊಮ್ಮೆ ಬರುವುದು ಬೇಡ, ಮೂರು ತಿಂಗಳಿಗೆ ಬನ್ನಿ, ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ, ಕಡಿಮೆ ಮಾಡುವಾಗ ನಾನೇ ಹೇಳುತ್ತೇನೆ ಅಂದರು. ನಮ್ಮ ಮನೆಯವರ ನೆನಪಿಗೆ ಈಗಲೂ ಕಣ್ಣು ತುಂಬುತ್ತದೆ. ಅದು ಇರಲಿ, ಅದು ನನ್ನದು. ಅದನ್ನು ಕಳೆಯೋಕೆ ನಾನು ಔಷಧಿ ತಗೊಂಡಿದ್ದಲ್ಲ.

ಆಶಾ ಹುಡುಗಿಯ ಚಿಕ್ಕ ಮಗಳು ಸಂಜೆ ಲೆಕ್ಕ ಹೇಳಿಸಿಕೊಳ್ಳೋಕೆ ಬರುತ್ತಾಳೆ. ಭಾಗಾಕಾರದಲ್ಲಿ ಶೇಷ ಬಂದರೆ ಹೆದರುತ್ತಾಳೆ. ಅವರೆಕಾಯಿ ಬರುವ ಕಾಲ. ಶನಿವಾರ ಮಗಳು ಮಕ್ಕಳ ಜೊತೆ ಬರುತ್ತಾಳಂತೆ. ಸೊಗಡು ಬಂದಿದ್ದರೆ ಎರಡು ಕೆಜಿ ತೆಗೆದಿಡು ಅಂತ ತರಕಾರಿಯವನಿಗೆ ಹೇಳಿ ಬಂದಿದ್ದೇನೆ. ಬಿಡಿಸೋಕೆ ಎದುರು ಮನೆ ಅಜ್ಜಿ ಬರುತ್ತಾರೆ.